ಮೂರನೇ ಭಾಗದ ಹಳದಿ ತೇಪೆ

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ತೇಪೆಯಕ್ಕನ ಓಡಾಟವೆಲ್ಲ ಆ ಎರಡನೇ ದಾರಿಯಲ್ಲೇ. ಹೊಸ ಬಟ್ಟೆ ಹೊಲಿಯುವವರು ಅವಳ ಬೀದಿಯಲ್ಲಿ ಬೇಕಾದಷ್ಟಿದ್ದರು. ಅವಳು ಮುಟ್ಟುತ್ತಿದ್ದುದು ಹಳೆಯದನ್ನು ಮಾತ್ರ. ಬಿಗಿಯಾದದ್ದನ್ನು ಸಡಿಲ ಮಾಡುವಳು, ಉದ್ದವಾದದ್ದನ್ನು ಮಡಚಿ ಹೊಲಿಯುವಳು, ಹರಿದದ್ದಕ್ಕೆ ತೇಪೆ ಹಾಕುವಳು. ಪಕ್ಕದಲ್ಲೇ ತಮ್ಮನ ವಿಡಿಯೋ ಗೇಮ್ ಅಂಗಡಿ. ನಡುವೆ ಒಂದು ಪರದೆ ಅಷ್ಟೇ. ಮಿಷನ್ ತುಳಿದು ಕಾಲು ಸೋತಾಗ ಪರದೆ ಸರಿಸಿ ಹೋಗಿ ಆಡಲು ಕೂರುತ್ತಿದ್ದಳು.

ಆಡುತ್ತಿದ್ದುದು ‘ಮಂಜಿನ ಸೇತುವೆ’, ಅದರಲ್ಲೂ ಮೂರನೇ ಭಾಗ. ಮೊದಲ ಎರಡು ಭಾಗಗಳಲ್ಲಿ ಸೇತುವೆಯ ಕಾವಲುಗಾರ ಕತ್ತಿ ಹಿಡಿದು ಓಡುತ್ತಾನೆ, ಆ ಎರಡು ಭಾಗಗಳನ್ನು ಹೊಗಳದವರಿಲ್ಲ. ಮೂರನೆಯದರಲ್ಲಿ ಅವನು ಗಾಯಗೊಂಡು ಮಲಗಿರುತ್ತಾನೆ. ಅವನ ಕೋಟಿನ ಹರಿದ ತೋಳಿಗೆ ಅವನ ಅಕ್ಕ ಹಳದಿ ತೇಪೆ ಹಾಕಿ, ತಾನೇ ಆ ಕೋಟು ತೊಟ್ಟು, ಲಾಟೀನು ಹಿಡಿದು ನಿಧಾನವಾಗಿ ನಡೆಯುತ್ತಾಳೆ. ಈ ಭಾಗವನ್ನು ಬಯ್ಯದವರಿಲ್ಲ.

“ಹೀರೋನ ಮಲಗಿಸಿ ಅವನ ಅಕ್ಕನ್ನ ನಡೆಸೋದು ಒಂದು ಗೇಮಾ?” ಎಂದು ದಿನವೂ ಬರುವ ಬಸ್ ಡ್ರೈವರ್ ಕೆಣಕುತ್ತಿದ್ದ. “ಅವಳಿಗಿಂತ ನನ್ನ ಬಸ್ಸೇ ವಾಸಿ.”

“ನಿಮ್ಮ ಬಸ್ಸು ಸ್ಟಾಪಲ್ಲಿ ನಿಲ್ಲಲ್ಲ ಡ್ರೈವರಣ್ಣ. ಅವಳು ನಿಲ್ತಾಳೆ.”

“ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಬಿಡಮ್ಮ!”

ಅವಳೇನೂ ಕುರುಡಿಯಲ್ಲ. ಆ ಗೇಮಿನಲ್ಲಿ ದೋಣಿ ಸಾಗಿಸುವ ಘಟ್ಟ ಬೇಜಾರೆಂದು ಒಪ್ಪುತ್ತಿದ್ದಳು. ಕುದುರೆ ಒಮ್ಮೊಮ್ಮೆ ಗೋಡೆಯೊಳಗೆ ಸಿಕ್ಕಿಹಾಕಿಕೊಳ್ಳುವುದನ್ನೂ ಒಪ್ಪುತ್ತಿದ್ದಳು. ಆದರೆ ಆ ಗೇಮ್ ಬಂದ ವರ್ಷ ತಮ್ಮ ಕಾಲು ಮುರಿದುಕೊಂಡು ಮಲಗಿದ್ದ. ಎರಡೂ ಅಂಗಡಿಗಳನ್ನು ಅವಳೊಬ್ಬಳೇ ನಡೆಸಿದ್ದಳು.

ಈಗ ಕಂಪನಿಯವರು ಇಡೀ ಕತೆಯನ್ನು ಮೊದಲಿನಿಂದ ಶುರು ಮಾಡಿ ರೀಬೂಟ್ ತರುತ್ತಿದ್ದರು. ಹೊಸ ಕತೆಯ ಪ್ರಕಾರ ಮೂರನೇ ಭಾಗ ನಡೆದೇ ಇಲ್ಲವಂತೆ. ಅಂಗಡಿಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ.

“ಒಳಗೆ ಮಡಚಿಟ್ಟ ಬಟ್ಟೆ ಬಿಚ್ಚಿ ಅಂಗಿ ದೊಡ್ಡದು ಮಾಡಿದ್ರೆ ಅದು ಮುಂದಿನ ಭಾಗ,” ಎಂದಳು ಅವಳು. “ಹೊಲಿಗೆಯೆಲ್ಲ ಬಿಚ್ಚಿ ಅದೇ ಬಟ್ಟೇನ ಮತ್ತೆ ಹೊಲಿದ್ರೆ ರೀಮೇಕ್. ಎರಡೂ ನನ್ನ ಕಸುಬೇ, ನಾನ್ಯಾಕೆ ಬೇಡ ಅನ್ಲಿ? ಆದ್ರೆ ಹೊಸ ಬಟ್ಟೆಗೆ ಹಳೇ ಗುಂಡಿ ಹಚ್ಚಿ, ‘ಇದೇ ಆ ಅಂಗಿ, ಯಾವತ್ತೂ ಹರಿದೇ ಇರಲಿಲ್ಲ’ ಅಂತಾರಲ್ಲ ಈ ರೀಬೂಟಿನವರು, ಅದು ಸುಳ್ಳು.”

“ಸರಿ ಅಕ್ಕಾ, ಸುಳ್ಳೇ ಇರ್ಲಿ,” ಎಂದ ತಮ್ಮ. “ಗೇಮ್ ಬರೋ ದಿನ ನಾನು ಕಾವಲುಗಾರನ ವೇಷದಲ್ಲಿ ಬಾಗಿಲಲ್ಲಿ ನಿಲ್ಬೇಕು. ಕೋಟು ಮಾಡ್ಕೊಡು.”

ಯಾರೋ ಬಿಟ್ಟುಹೋಗಿದ್ದ ಬೂದು ಕೋಟನ್ನು ತೆಗೆದುಕೊಂಡು ಅವನ ಭುಜಕ್ಕೆ ಹೊಂದಿಸಿದಳು. ಗೇಮ್ ಬರುವ ಹಿಂದಿನ ಸಂಜೆ ಅದನ್ನು ನೋಡಿ ಅವನ ಮುಖ ಕಪ್ಪಿಟ್ಟಿತು. ಎಡತೋಳಿನಲ್ಲಿ ಅಂಗೈಯಗಲದ ಹಳದಿ ತೇಪೆ.

“ಇದನ್ನ ಹಾಕ್ಕೊಂಡು ನಿಂತ್ರೆ ನಾಳೆ ಬಂದವರೆಲ್ಲ ನಕ್ಕು ಬೇರೆ ಅಂಗಡಿಗೆ ಹೋಗ್ತಾರೆ. ಬಿಚ್ಚು.”

“ಬಿಚ್ಚಲ್ಲ.”

“ಅಕ್ಕಾ, ಇಷ್ಟೊಂದು ಹಟ ಯಾಕೆ?”

“ನೀನು ಮಲಗಿದ್ದಾಗ ಏನೇನಾಯ್ತು ಅಂತ ನಿನಗೆ ಗೊತ್ತಿಲ್ಲ. ಅದಕ್ಕೇ ಮೂರನೇದು ಇಲ್ಲ ಅಂದ್ರೆ ನಿನಗೇನೂ ಅನ್ನಿಸಲ್ಲ. ತಗೋ, ಬೇಕಾದ್ರೆ ನೀನೇ ಬಿಚ್ಚು.” ಸಣ್ಣ ಕತ್ತರಿಯನ್ನು ಅವನ ಮುಂದಿಟ್ಟಳು.

ಹಟದಲ್ಲಿ ಅವನೂ ಅವಳ ತಮ್ಮನೇ ತಾನೇ, ಕತ್ತರಿ ತೆಗೆದುಕೊಂಡ. ಮೂಲೆಯ ಹೊಲಿಗೆ ಬಿಚ್ಚಿ ಬೆರಳು ತೂರಿಸಿದರೆ ಬೆರಳು ತೋಳಿನ ಒಳಕ್ಕೇ ಹೋಯಿತು.

“ಇಲ್ಲಿ ಬಟ್ಟೇನೇ ಇಲ್ಲವಲ್ಲ! ಬೇಕಂತ ಕತ್ತರಿಸಿದ್ಯಾ?”

“ಕತ್ತರಿಸಲಿಲ್ಲ, ಹರಿದೆ. ಕತ್ತರಿಸಿದ್ರೆ ಅಂಚು ನೇರ ಬರುತ್ತೆ. ಹರಿಯದೇ ಇರೋದಕ್ಕೆ ತೇಪೆ ಹಾಕೋದು ನಂಗೆ ಬರಲ್ಲ ಕಣೋ.”

ಅವನು ತೂತಿನಿಂದ ಬೆರಳು ತೆಗೆದು ಕತ್ತರಿ ಕೆಳಗಿಟ್ಟ. ಆಮೇಲೆ ಕೋಟನ್ನು ಅವಳ ಕಡೆಗೇ ತಳ್ಳಿದ. ಅವಳು ಬಿಚ್ಚಿದ ಮೂಲೆಯನ್ನು ಮತ್ತೆ ಹೊಲಿದಳು, ಈ ಸಲ ಜೋಡಿ ದಾರದಲ್ಲಿ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಜನ ಸೇರಿದರು. ತಮ್ಮ ಆ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದ. ತೇಪೆಯನ್ನು ಮೊದಲು ಕಂಡವನು ಡ್ರೈವರೇ.

“ಅಯ್ಯೋ! ಇದು ಮೂರನೇ ಭಾಗದ ತೋಳು!”

ಸಾಲಿನಲ್ಲಿದ್ದವರು ಘೊಳ್ಳೆಂದು ನಕ್ಕರು. ಪರದೆಯ ಹಿಂದೆ ತೇಪೆಯಕ್ಕನ ಕಾಲು ಮಿಷನ್ನಿನ ಮೇಲೆ ನಿಂತುಬಿಟ್ಟಿತು.

“ಯಾಕೆ, ತೋಳಿಗೇನಾಗಿದೆ?” ಎಂಬ ತಮ್ಮನ ದನಿ ಕೇಳಿಸಿತು.

“ಆ ದರಿದ್ರ ಗೇಮನ್ನ ನೀನು ಆಡಿದ್ದೀಯೇನೋ?”

“ಇಲ್ಲ. ನೀವು?”

“ನಾನ್ಯಾಕೆ ಆಡ್ಲಿ? ಎಲ್ಲರೂ ಹೇಳ್ತಾರಲ್ಲ.”

“ಹಾಗಾದ್ರೆ ಆಡಿದ ನಮ್ಮಕ್ಕ ಒಳಗಿದ್ದಾಳೆ. ಧೈರ್ಯ ಇದ್ರೆ ಹೋಗಿ ಅವಳ ಹತ್ರ ಮಾತಾಡಿ.”

ತೇಪೆಯಕ್ಕ ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚಿ, ಪರದೆ ಸರಿಸಿ, ಒಂದು ಕುರ್ಚಿಯನ್ನು ಮುಂದಕ್ಕೆಳೆದಳು.

“ಬನ್ನಿ ಡ್ರೈವರಣ್ಣ, ಕೂತ್ಕೊಳ್ಳಿ. ಮೂರನೇದನ್ನ ಆ ಬೇಜಾರಿನ ದೋಣಿಯಿಂದಲೇ ಆಡೋಕೆ ಶುರು ಮಾಡೋಣ.”