ಮೂವತ್ತರಿಂದ ಹನ್ನೊಂದಕ್ಕೆ

ಬಂದ್ಯೋಡಿನ ನಮಿತಾ ಒಂಬತ್ತು ವರ್ಷ ಹೈಯರ್ ಸೆಕೆಂಡರಿಯಲ್ಲಿ ಫಿಸಿಕ್ಸ್ ಕಲಿಸಿ, ಮೂವತ್ತಾರನೆಯ ವಯಸ್ಸಿಗೆ ರಜೆ ಹಾಕಿ ಪಿಎಚ್‌ಡಿಗೆ ಸೇರಿದಳು. ಬಸ್ ಕಂಡಕ್ಟರಾಗಿ ನಿವೃತ್ತರಾಗಿದ್ದ ತಂದೆ ಪೂವಪ್ಪ, "ಅದರಲ್ಲಿ ಎಂತ ಕೆಲಸ ಮಾರಾಯ್ತಿ?" ಎಂದು ಕೇಳಿದರು.

"ಕ್ವಾಂಟಂ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಸಣ್ಣ ಸಣ್ಣ ಘಟಕಗಳು, ಕ್ಯೂಬಿಟ್ ಅಂತ ಉಂಟಪ್ಪ. ಪಕ್ಕಪಕ್ಕ ಇದ್ದರೆ ಮಾತ್ರ ಎರಡು ಸೇರಿ ಕೆಲಸ ಮಾಡ್ತವೆ. ದೂರದ್ದು ಹತ್ತಿರ ಬರಬೇಕಾದರೆ ನಡುವಿನವುಗಳ ಜೊತೆ ಜಾಗ ಬದಲಾಯಿಸ್ತಾ ಬರಬೇಕು. ಬದಲಾಯಿಸಿದಷ್ಟೂ ತಪ್ಪು ಜಾಸ್ತಿ. ಅದನ್ನು ಕಡಿಮೆ ಮಾಡುವ ಪ್ರೋಗ್ರಾಂ ನನ್ನದು."

"ರಶ್ಶಿನ ಬಸ್ಸಲ್ಲಿ ಹಿಂದಿನವನನ್ನು ಮುಂದಿನ ಬಾಗಿಲಿಗೆ ತಂದ ಹಾಗೆ" ಎಂದು ಪೂವಪ್ಪ ನಕ್ಕರು.

ಮೂರನೆಯ ವರ್ಷ ಅವಳ ಪ್ರೋಗ್ರಾಂ ಈ ಬದಲಾವಣೆಗಳನ್ನು ಶೇಕಡಾ ಮೂವತ್ತರಷ್ಟು ಇಳಿಸಿತು. ಮಾರ್ಗದರ್ಶಕ ಹರಿನಾರಾಯಣರು ವಿಭಾಗದವರಿಗೆಲ್ಲ ಲಡ್ಡು ಹಂಚಿದರು. ಅದರ ಬಗ್ಗೆ ಬರೆದ ಪ್ರಬಂಧ ಹೊರದೇಶದ ಸಮ್ಮೇಳನಕ್ಕೆ ಆಯ್ಕೆಯಾಯಿತು.

ಅಲ್ಲಿ ತೋರಿಸಲೆಂದು ನಮಿತಾ ಐದು ಕ್ಯೂಬಿಟ್‌ಗಳ ಒಂದು ಸರ್ಕ್ಯೂಟನ್ನು, ಅಂದರೆ ಅವು ಮಾಡುವ ಕ್ರಿಯೆಗಳ ಸರಣಿಯನ್ನು, ಕಾಗದದ ಮೇಲೆ ಬಿಡಿಸಿದಳು. ಪ್ರೋಗ್ರಾಂ ಚಿಕ್ಕದು ಮಾಡಿದ ಸರ್ಕ್ಯೂಟಿನ ಉತ್ತರ ಮೂಲದ್ದರ ಉತ್ತರಕ್ಕೆ ಹೊಂದಲಿಲ್ಲ. ಮೂರು ಸಲ ಮಾಡಿದರೂ ಅಷ್ಟೆ. ಒಮ್ಮೆ ಜಾಗ ಬದಲಾಯಿಸಿ ಮತ್ತೆ ಹಿಂದಕ್ಕೆ ಬದಲಾಯಿಸುವ ಜೋಡಿಯನ್ನು ಕಂಡರೆ ಸಾಕು, ನಡುವೆ ಬೇರೆ ಕ್ರಿಯೆ ಇದ್ದರೂ ಅವಳ ಪ್ರೋಗ್ರಾಂ ಎರಡನ್ನೂ ಅಳಿಸಿಬಿಡುತ್ತಿತ್ತು. ಸರ್ಕ್ಯೂಟು ಚಿಕ್ಕದಾದದ್ದು ನಿಜ. ಆದರೆ ಅದು ಬೇರೆಯೇ ಸರ್ಕ್ಯೂಟಾಗಿತ್ತು.

ಅವಳು ಕಾಗದ ಹಿಡಿದು ನೇರ ಹರಿನಾರಾಯಣರ ಕೋಣೆಗೆ ಹೋದಳು. ಅವರು ಎರಡು ಸಲ ನೋಡಿದರು.

"ಬೇರೆ ಯಾರಿಗಾದರೂ ಗೊತ್ತುಂಟಾ?"

"ಇಲ್ಲ ಸರ್. ನನಗೆ ಗೊತ್ತುಂಟಲ್ಲ."

ಅವರು ಲ್ಯಾಪ್‌ಟಾಪ್ ತೆರೆದರು. "ಹಾಗಾದರೆ ಇವತ್ತೇ ಬರೆಯುವ." ಪ್ರಬಂಧ ಹಿಂದಕ್ಕೆ ಪಡೆಯುವ ಪತ್ರ ಸಂಜೆಯೊಳಗೆ ಹೋಯಿತು.

ಮನೆಯಲ್ಲಿ ನಮಿತಾ ಚಾ ಮುಟ್ಟದೆ ಕೂತಳು. ವಿಷಯ ಕೇಳಿದ ಪೂವಪ್ಪ, "ಶಾಲೆಯಲ್ಲಿ ಮಕ್ಕಳು ತಪ್ಪು ಬರೆದರೆ ನೀನು ಎಂತ ಮಾಡ್ತಿದ್ದಿ?" ಎಂದರು.

"ಪುನಃ ಮಾಡಿಸ್ತಿದ್ದೆ."

"ಮತ್ತೆಂತ!"

ಪುನಃ ಮಾಡಲು ಏಳು ತಿಂಗಳು ಹಿಡಿಯಿತು. ಮೊದಲು ಅವಳು ಎರಡು ಸರ್ಕ್ಯೂಟುಗಳು ಒಂದೇ ಹೌದೋ ಎಂದು ಪರೀಕ್ಷಿಸುವ ಪ್ರೋಗ್ರಾಂ ಬರೆದಳು. ಆಮೇಲೆ ಹಳೆಯದನ್ನು ತಿದ್ದಿದಳು. ಈ ಸಲ ಉಳಿತಾಯ ಶೇಕಡಾ ಹನ್ನೊಂದು ಮಾತ್ರ, ಆದರೆ ಪ್ರತಿಯೊಂದೂ ಸರಿ. ಎರಡೂ ಪ್ರೋಗ್ರಾಮುಗಳನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಳು.

ಕಳೆದ ತಿಂಗಳು ಫಿನ್ಲೆಂಡಿನಿಂದ ಅಪರಿಚಿತ ಸಂಶೋಧಕನೊಬ್ಬ ಬರೆದ: ಅವಳ ಪರೀಕ್ಷಿಸುವ ಪ್ರೋಗ್ರಾಮಿನಿಂದ ಅವನ ಪ್ರೋಗ್ರಾಮಿನಲ್ಲೂ ಅಂಥದೇ ತಪ್ಪು ಸಿಕ್ಕಿತಂತೆ. ಬಸ್ಸಿನಲ್ಲೇ ಪತ್ರ ಓದಿದ ನಮಿತಾ ಬಂದ್ಯೋಡಿನಲ್ಲಿ ಇಳಿದು, ಒಂದು ಕಿಲೋ ಬೂತಾಯಿ ಮೀನು ಕೊಂಡು, ನಗುತ್ತಲೇ ಮನೆಗೆ ನಡೆದಳು.