ಅಕ್ಕಯ್ಯಮ್ಮನ ಅಮೃತಬಳ್ಳಿ

ಮಲ್ಲತ್ತಹಳ್ಳಿಯ ಆ ಬೀದಿಯಲ್ಲಿ ಅಕ್ಕಯ್ಯಮ್ಮನ ಕಷಾಯ ಕುಡಿಯದವರು ಯಾರಿದ್ದರು ಹೇಳಿ! ಕೊರೊನಾ ಕಾಲದಲ್ಲಂತೂ ಬಾಡಿಗೆ ಮನೆಯವರು, ಹಾಲಿನವನು, ಕಸದ ಆಟೋದವನು, ಎಲ್ಲರೂ ಚೊಂಬು ಹಿಡಿದು ಗೇಟಿನ ಮುಂದೆ ನಿಂತವರೇ. ಕಾಂಪೌಂಡಿನ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಯನ್ನು ಜಜ್ಜಿ, ಮೆಣಸು ಹಾಕಿ ಕುದಿಸಿ ಹಂಚುತ್ತಿದ್ದಳು ಮುದುಕಿ. "ಒಳಗೆ ಶಕ್ತಿ ಇದ್ರೆ ಯಾವ ರೋಗ ಬಂದ್ರೂ ಬಾಗಿಲಿಂದ್ಲೇ ವಾಪಸ್ಸು" ಎನ್ನುತ್ತಿದ್ದಳು. ಹೊಲವೆಲ್ಲ ಸೈಟಾಗಿ ಹೋದ ಮೇಲೆ ಅವಳಿಗೆ ಉಳಿದಿದ್ದ ದೊಡ್ಡಸ್ತಿಕೆ ಅದೊಂದೇ.

ಆ ಮನೆಗೇ ಬಂತು ನೋಡಿ. ತಾಯಿಯಿಲ್ಲದ ಮೊಮ್ಮಗಳು ಕೀರ್ತನಾಳನ್ನು ಅಕ್ಕಯ್ಯಮ್ಮನೇ ಸಾಕಿದ್ದು. ಹುಡುಗಿಗೆ ಹೊಟ್ಟೆ ನುಲಿತ, ಭೇದಿ, ಭೇದಿಯಲ್ಲಿ ರಕ್ತ. ಕೆಲಸಕ್ಕಿದ್ದ ರಾಜಾಜಿನಗರದ ಬಟ್ಟೆ ಅಂಗಡಿಯಲ್ಲಿ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಕಕ್ಕಸಿಗೆ ಓಡುತ್ತಿದ್ದಳು.

"ರಕ್ತದಲ್ಲಿರೋ ಬಿಳಿ ಕಣಗಳು ನಮ್ಮ ಕಾವಲಿನವು ಅಜ್ಜಿ" ಎಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಹೊರಗಿನ ಕ್ರಿಮಿನ ಹೊಡೀಬೇಕಾದವು ಇವಳ ದೊಡ್ಡ ಕರುಳನ್ನೇ ಹೊಡೆದು ಹುಣ್ಣು ಮಾಡ್ತಿವೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಈ ಮಾತ್ರೆ ಅವುಗಳ ಅಬ್ಬರ ಇಳಿಸುತ್ತೆ. ನಿಲ್ಲಿಸಿದ್ರೆ ಕರುಳು ಉಳಿಯೋದು ಕಷ್ಟ."

"ಬೇಲಿನೇ ಎದ್ದು ಹೊಲ ಮೇಯ್ದಂಗೆ ಅನ್ನಿ" ಎಂದಳು ಅಕ್ಕಯ್ಯಮ್ಮ.

ಅರ್ಥವೇನೋ ಆಗಿತ್ತು, ಮನಸ್ಸು ಒಪ್ಪಲಿಲ್ಲ. ಮಾತ್ರೆಯಿಂದ ರಕ್ತ ನಿಂತರೂ ಹುಡುಗಿಗೆ ಮೇಲಿಂದ ಮೇಲೆ ನೆಗಡಿ, ಜ್ವರ. ಶಕ್ತಿ ಕುಗ್ಗಿಸುವ ಮಾತ್ರೆಯಂತೆ! ಬೀದಿಗೆಲ್ಲ ಶಕ್ತಿ ಹಂಚಿದವಳ ಮನೆಯಲ್ಲಿ! "ಮೇಯ್ತು ಅಂತ ಬೇಲಿನೇ ಕಿತ್ತಾಕ್ತಾರೇನೇ? ರಕ್ತ ನಿಂತೈತಲ್ಲ, ಮಾತ್ರೆ ಸಾಕು. ಇದನ್ನ ಕುಡಿ" ಎಂದು ಕಷಾಯದ ಲೋಟ ಕೈಗಿಟ್ಟಳು.

"ಡಾಕ್ಟ್ರು ಬಯ್ತಾರೆ ಅಜ್ಜಿ."

"ಬಯ್ಲಿ ಬಿಡು, ನಾನ್ ನೋಡ್ಕೋತೀನಿ ಕಣೇ."

ಅಜ್ಜಿಯ ಮಾತನ್ನು ಕೀರ್ತನಾ ಎಂದೂ ತೆಗೆದುಹಾಕಿದವಳಲ್ಲ.

ಮೊದಮೊದಲು ಚೆನ್ನಾಗಿಯೇ ಇದ್ದಳು. ಅಕ್ಕಯ್ಯಮ್ಮ ಬೀಗಿದ್ದೇ ಬೀಗಿದ್ದು. ಆಷಾಢ ಕಳೆಯುವಷ್ಟರಲ್ಲಿ ರಕ್ತ ಮತ್ತೆ ಬಂತು, ಈ ಸಲ ನಿಲ್ಲಲೇ ಇಲ್ಲ. ಆಸ್ಪತ್ರೆಯಲ್ಲಿ ಸೂಜಿಯ ಮೇಲೆ ಸೂಜಿ ಚುಚ್ಚಿದರು. ಕೆರಳಿದ ಕಣಗಳು ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ದೊಡ್ಡ ಕರುಳನ್ನೇ ತೆಗೆಯಬೇಕು ಎಂದರು.

"ಮಾತ್ರೆ ಬಿಡಿಸಿದ್ಯಾರು?" ಡಾಕ್ಟರಮ್ಮ ಕೇಳಿದರು.

ಕೀರ್ತನಾ ಅಜ್ಜಿಯ ಕಡೆ ನೋಡಲೂ ಇಲ್ಲ. "ನಾನೇ ಬಿಟ್ಟೆ ಮೇಡಂ" ಎಂದಳು.

ನಾನ್ ನೋಡ್ಕೋತೀನಿ ಎಂದಿದ್ದ ಅಕ್ಕಯ್ಯಮ್ಮ ಪಕ್ಕದಲ್ಲೇ ಇದ್ದಳು. ಅಯ್ಯೋ, ಆಗ ಭೂಮಿ ಬಾಯಿಬಿಟ್ಟಿದ್ದರೆ ಮುದುಕಿ ಇಳಿದುಬಿಡುತ್ತಿದ್ದಳು. ನಾಚಿಕೆಯಿಂದ ತಲೆ ತಗ್ಗಿಸಿ ಸೆರಗಿನ ತುದಿ ಹಿಸುಕುತ್ತಾ ನಿಂತಳು.

ಹೊಟ್ಟೆಯ ಪಕ್ಕಕ್ಕೆ ಮಲ ಸೇರುವ ಚೀಲ ಅಂಟಿಸಿಕೊಂಡು ಕೀರ್ತನಾ ಮನೆಗೆ ಬಂದಳು. ಅಷ್ಟರಲ್ಲಿ ಅಕ್ಕಯ್ಯಮ್ಮ ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದ್ದಳು. ಚೊಂಬು ಹಿಡಿದು ಬಂದವರಿಗೆ ಬಾಗಿಲು ತೆರೆಯಲಿಲ್ಲ.

ಮರುದಿನ ಬೆಳಗ್ಗೆ ಬೀರುವಿನಲ್ಲಿ ಉಳಿದುಹೋಗಿದ್ದ ಮಾತ್ರೆಯ ಶೀಟು ಹುಡುಕಿ ತೆಗೆದು, ಒಂದನ್ನು ಅಂಗೈಯಲ್ಲಿಟ್ಟುಕೊಂಡು, ಬಿಸಿನೀರಿನ ಲೋಟದೊಂದಿಗೆ ಮೊಮ್ಮಗಳ ಹಾಸಿಗೆಯ ಹತ್ತಿರ ನಿಂತಳು.

"ತಗೋ ನನ್ನವ್ವ. ಇನ್ಮೇಲೆ ಒಂದಿನಾನೂ ತಪ್ಪಿಸಲ್ಲ."

ಕೀರ್ತನಾ ಅವಳ ಬೆರಳುಗಳನ್ನು ಮೆಲ್ಲಗೆ ಮಡಿಸಿ ಮಾತ್ರೆಯ ಮೇಲೆ ಮುಚ್ಚಿದಳು.

"ಇನ್ನು ಅದು ಬೇಡ್ವಂತೆ ಅಜ್ಜಿ. ಉಳಿಸ್ಕೊಳ್ಳೋಕೆ ಕರುಳೇ ಇಲ್ವಲ್ಲ."