ಮುಯ್ಯಾಳು ಹುಚ್ಚಕ್ಕ

ಬಿಳಿಗೆರೆ ಹತ್ತಿರದ ನಮ್ಮೂರಿನಲ್ಲಿ ಹುಚ್ಚಕ್ಕನಷ್ಟು ಚುರುಕಾಗಿ ರಾಗಿ ಕೊಯ್ಯುವವರು ಇನ್ನೊಬ್ಬರಿಲ್ಲ. ವಯಸ್ಸು ಅರವತ್ತು ದಾಟಿದೆ, ಆದರೂ ಅವಳು ಕುಡುಗೋಲು ಹಿಡಿದರೆ ನಾವೆಲ್ಲ ಹಿಂದೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಇರುವುದು ಒಂದೆಕರೆ ಹೊಲ, ಅದರ ಬದುವಿಗೆ ಅಂಟಿಕೊಂಡೇ ರಾಮಕ್ಕನ ಹೊಲ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಅವಳ ಹೊಲಕ್ಕೆ ಇವಳು, ಇವಳ ಹೊಲಕ್ಕೆ ಅವಳು ಮುಯ್ಯಾಳಾಗಿ ಹೋಗುತ್ತಿದ್ದರು. ಇವತ್ತು ನಾನು ನಿನಗೆ ದುಡಿದರೆ ನಾಳೆ ನೀನು ನನಗೆ. ಕಾಸಿನ ಮಾತೇ ಇಲ್ಲ. ನಲವತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಹೆದ್ದಾರಿ ಅಗಲವಾಯಿತು. ರಸ್ತೆ ಪಕ್ಕದಲ್ಲಿದ್ದ ರಾಮಕ್ಕನ ಇನ್ನೊಂದು ಜಮೀನು ಸೈಟುಗಳಾಗಿ ಹೋಯಿತು. ಆ ದುಡ್ಡಿನಲ್ಲಿ ತೆಂಗಿನ ತೋಟ ಬಂತು, ಕೊಬ್ಬರಿಗೆ ರೇಟು ಬಂತು, ಕಾರೂ ಬಂತು. ಹುಚ್ಚಕ್ಕನಿಗೆ ಹೊಟ್ಟೆಕಿಚ್ಚಿರಲಿಲ್ಲ, ದೇವರಾಣೆಗೂ ಇರಲಿಲ್ಲ. "ನಮ್ಮ ರಾಮಿ ಕಾರಲ್ಲಿ ಓಡಾಡ್ತಾಳೆ ಕಣ್ರೇ" ಎಂದು ಊರೆಲ್ಲ ಹೇಳಿಕೊಂಡು ಬಂದವಳೇ ಅವಳು.

ಹೋದ ವರ್ಷ ರಾಮಕ್ಕನ ರಾಗಿ ಮಳೆಗೆ ಮಲಗಿಬಿಟ್ಟಿತ್ತು. ಮೆಷಿನ್ನಿನಲ್ಲಿ ಕೊಯ್ಯಲಾಗದೆ ಆಳುಗಳನ್ನು ಕರೆದರು. ನಾನೂ ಕೂಲಿಗೆ ಹೋಗಿದ್ದೆ. ಹುಚ್ಚಕ್ಕ ಮಾತ್ರ ಎಂದಿನಂತೆ ಮುಯ್ಯಿಗೆ ಬಂದಳು. ಸಂಜೆ ರಾಮಕ್ಕನ ಸೊಸೆ ಭವ್ಯಶ್ರೀ ನಮಗೆಲ್ಲ ಕೊಟ್ಟಂತೆ ಅವಳ ಕೈಗೂ ನೋಟು ಇಟ್ಟಳು.

"ನಾನು ಕೂಲಿಗೆ ಬಂದೋಳಲ್ಲ ಕಣವ್ವ. ನಾಳಿದ್ದು ನಿಮ್ಮತ್ತೆ ನನ್ನ ಹೊಲಕ್ಕೆ ಬತ್ತಾಳೆ."

ಭವ್ಯಶ್ರೀ ನಕ್ಕಳು. "ಅತ್ತೆ ಹೊಲಕ್ಕೆ ಬರ್ತಾರಾ? ಇಸ್ಕೊಳ್ಳಿ ಅಜ್ಜಿ."

ಜಗಲಿಯಲ್ಲಿದ್ದ ರಾಮಕ್ಕ ತಲೆ ತಗ್ಗಿಸಿಕೊಂಡೇ ಹೇಳಿದಳು: "ಇಸ್ಕೊಳ್ಳೇ ಹುಚ್ಚಿ. ಈಗ ನಾನು ಹೊಲಕ್ಕಿಳಿದ್ರೆ ಜನ ಏನಂದಾರು ಅಂತ ಮಗ ಬೈತಾನೆ. ನಿನ್ನ ಹೊಲಕ್ಕೆ ನಾಕು ಆಳು ಕಳುಸ್ತೀನಿ ಬುಡು."

ಹುಚ್ಚಕ್ಕ ನೋಟನ್ನು ಜಗಲಿಯ ಮೇಲಿಟ್ಟು ಮನೆಗೆ ಹೋದಳು.

ಹೇಳಿದಂತೆ ಮೂರನೇ ದಿನ ನಾಲ್ಕು ಆಳು ಬಂದರು. "ನಾನು ಕರೆದಿದ್ದು ರಾಮೀನ" ಎಂದು ಹುಚ್ಚಕ್ಕ ಅವರನ್ನು ಬದುವಿನಿಂದಲೇ ವಾಪಸ್ಸು ಕಳಿಸಿದಳು. ಅಬ್ಬಾ, ಎಂಥ ಹಟ! ಮೇಲೆ ಮೋಡ ಕಟ್ಟಿತ್ತು, ಹೊಲದಲ್ಲಿ ವರ್ಷದ ಅನ್ನ ನಿಂತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಉರಿದು ಏನು ಬಂತು, ರಾಮಕ್ಕನ ತೋಟದ ಕೂಲಿ ಬಿಟ್ಟು ನಾನೂ ಹುಚ್ಚಕ್ಕನ ಹೊಲಕ್ಕೆ ಹೋಗಲಿಲ್ಲ. ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಎಂಟು ದಿನ ಅವಳೊಬ್ಬಳೇ ಕೊಯ್ದಳು. ನಡುವೆ ಮಳೆ ಹುಯ್ದು ಕಾಲುಭಾಗ ಮಣ್ಣುಪಾಲಾಯಿತು.

ಕೊನೆಗೆ ಕೊಯ್ದ ರಾಗಿಯನ್ನು ಮೆದೆ ಒಟ್ಟುವ ದಿನವಷ್ಟೇ ನಾನು ಹೋದೆ. ಮಧ್ಯಾಹ್ನ ದಾರಿಯಲ್ಲಿ ಕಾರು ನಿಂತಿತು. ರಾಮಕ್ಕ ಊಟದ ಕ್ಯಾರಿಯರ್ ಹಿಡಿದು, ಹೊಸ ಚಪ್ಪಲಿಯಲ್ಲಿ ಕೂಳೆ ತುಳಿದುಕೊಂಡು ಬಂದಳು. ಅವಳ ಕಣ್ಣು ತುಂಬಿತ್ತು.

"ಮನೇಲಿ ಎಲ್ರೂ ಅವರವರ ಹೊತ್ತಿಗೆ ಉಣ್ತಾರೆ. ದಿನಾ ಒಬ್ಬಳೇ ಕುಂತು ಉಣ್ಣಾಕೆ ಆಗಾಕಿಲ್ಲ ಕಣೇ. ಬಾ, ಇಬ್ರೂ ಉಣ್ಣಾನ."

ಹುಚ್ಚಕ್ಕ ಸಿಟ್ಟು ಮಾಡಲಿಲ್ಲ. ಬಿರುಕುಬಿಟ್ಟ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೆಲ್ಲಗೆ ಕೇಳಿದಳು:

"ಯಾಕೇ ರಾಮಿ, ನಾನು ಒಬ್ಬಳೇ ಕೊಯ್ಲಿಲ್ವಾ?"